ಆಪಾ ಕೂಟದ ಪಟ್ಟಿ

ಮೊನ್ನೆ ಯಲಿಯೂರಿನ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ನಾನು ನಿವೃತ್ತಳಾದ ಕಾಲೇಜಿನಲ್ಲಿ, ನಾನು ಮಾಡುತ್ತಿದ್ದ ಕೆಲಸಕ್ಕೇ ಸೇರಿದ್ದಾಳಂತೆ. ಕೈಯಲ್ಲಿ ಹೊಸ ಡೈರಿ, ಬಾಯಲ್ಲಿ ಒಂದೇ ಪ್ರಶ್ನೆ: “ಮೇಡಮ್, ಈ ಸಂಘಗಳ ಕೆಲಸ ಕಷ್ಟಾನಾ?” ನನಗೆ ನಗುವೂ ಬಂತು, ಸಿಟ್ಟೂ ಬಂತು. ಕಾಫಿ ಕೊಟ್ಟು, “ಮಾಡ್ತಾ ಮಾಡ್ತಾ ಗೊತ್ತಾಗುತ್ತೆ ಕಣಮ್ಮ” ಎಂದು ಕಳಿಸಿಬಿಟ್ಟೆ. ಅವಳು ರೈಲು ಹತ್ತಿದ ಮೇಲೆ ನೆನಪಾಯಿತು. ನನಗೂ ಹಿಂದಿನವರು ಹೀಗೇ ಹೇಳಿ ಕಳಿಸಿದ್ದರು. ಮಾಡ್ತಾ ಮಾಡ್ತಾ ಗೊತ್ತಾಯಿತು, ನಿಜ. ಆದರೆ ಗೊತ್ತಾಗುವಷ್ಟರಲ್ಲಿ ಒಬ್ಬ ಹುಡುಗಿಯ ಬದುಕಿನ ಒಂದು ವರ್ಷ ಹೋಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರಿನಲ್ಲಿ ಕಾಲೇಜು ನಡೆಸುವ ಒಂದು ವಿದ್ಯಾಸಂಸ್ಥೆ. ಹೆಸರು ಬೇಡ. ಅಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಅದರ ಜೊತೆಗೆ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಎಂಬ ಮೊಳದುದ್ದದ ಹುದ್ದೆಯನ್ನೂ ತಲೆಗೆ ಕಟ್ಟಿದರು. ಕಾರಣ ಇಷ್ಟೇ, ಆವತ್ತಿನ ಸಭೆಗೆ ನಾನು ತಡವಾಗಿ ಹೋಗಿದ್ದೆ. ಮುಂಚೆ ಬಂದವರೆಲ್ಲ ಒಲ್ಲೆ ಒಲ್ಲೆ ಎಂದು ಬಚಾವಾಗಿದ್ದರು. ಹುಡುಗರ ಬಾಯಲ್ಲಿ ನಾನು ‘ಸಂಘದ ಮೇಡಮ್’ ಆದೆ. ಹುಡುಗರು ಕಟ್ಟಿಕೊಂಡ ಸಂಘಗಳಿಗೆ ಕೊಠಡಿ ಕೊಡಿಸುವುದು, ಅರ್ಜಿಗೆ ಸಹಿ ಹಾಕುವುದು, ಯಾರಾದರೂ ತಕರಾರು ತೆಗೆದರೆ ಮಧ್ಯೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವುದು. ಕ್ರಿಕೆಟ್ಟಿನ ಸಂಘಕ್ಕೆ ಯಾರ ತಕರಾರೂ ಇರಲಿಲ್ಲ. ಒಂದೇ ಸಮುದಾಯದ ಮಕ್ಕಳು ಸೇರಿ ಕಟ್ಟಿಕೊಂಡ ಬಳಗ, ಕೂಟಗಳಿದ್ದವಲ್ಲ, ತಲೆನೋವೆಲ್ಲ ಅಲ್ಲೇ. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಿಗೆ, ತಮ್ಮಂಥ ನಾಲ್ಕು ಜನರ ಜೊತೆ ಕೂತು ಉಸಿರು ಬಿಡಲು ಒಂದು ಜಾಗ ಬೇಕು. ಇದನ್ನು ತಿಳಿಯಲು ಪಿಎಚ್‌ಡಿ ಬೇಕಾಗಿಲ್ಲ. ಆದರೆ ಪಿಎಚ್‌ಡಿ ಮಾಡಿದವರಿಗೇ ಅದು ತಿಳಿಯುತ್ತಿರಲಿಲ್ಲ.

ಮೊದಲು ಮಂಡ್ಯದ ಮಾತು. ಅಲ್ಲಿದ್ದ ಪ್ರಾಂಶುಪಾಲರು ಬಹಳ ನಾಜೂಕಿನವರು, ಸಣ್ಣ ಗದ್ದಲಕ್ಕೂ ಹೆದರುವವರು. ಸಂಘದ ಹೆಸರಿನಲ್ಲಿ ಜಾತಿ ಧರ್ಮ ಕಾಣಿಸಿದರೆ ಊರಿನವರು ಮೇಲೆ ಬೀಳುತ್ತಾರೆ ಎಂದು ಎಲ್ಲ ಸಂಘಗಳಿಗೂ ಹೂವಿನ ಹೆಸರಿಡಲು ಹೇಳಿದರು. ದಲಿತ ಹುಡುಗರ ಬಳಗ ಸಂಪಿಗೆಯಾಯಿತು, ಮುಸ್ಲಿಂ ಹುಡುಗರದು ಸೇವಂತಿಗೆ. ನಾನು ಬೇಡ ಎಂದೆ, ಕೇಳಲಿಲ್ಲ. ಒಂದೇ ವಾರದಲ್ಲಿ ಕ್ಯಾಂಟೀನಿನಲ್ಲಿ ಹುಡುಗರು ಮಾತಾಡುವುದು ಕಿವಿಗೆ ಬಿತ್ತು: “ಲೇ, ಅವ್ನು ಯಾರ್ಲಾ?” “ಸಂಪಿಗೆಯೋನು ಕಣ್ಲಾ.” ಜಾತಿ ಎಲ್ಲಿಗೂ ಹೋಗಿರಲಿಲ್ಲ, ಹೂ ಮುಡಿದುಕೊಂಡು ಕೂತಿತ್ತು ಅಷ್ಟೇ. ಆ ಪ್ರಾಂಶುಪಾಲರ ಬೀಳ್ಕೊಡುಗೆಯ ದಿನ ಯಾರೋ ಸಂಪಿಗೆ ಹಾರ ತಂದಿದ್ದರು. ಅದನ್ನು ಹಾಕಬೇಕೋ ಬೇಡವೋ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ನಾನು ಎದ್ದು ಮನೆಗೆ ಬಂದೆ.

ಮದ್ದೂರಿಗೆ ವರ್ಗವಾದಾಗ ಬೇರೆ ರಗಳೆ. ಅಲ್ಲಿ ದಲಿತ ಹುಡುಗರ ಬಳಗಕ್ಕೆ ಶನಿವಾರ ಒಂದು ಕೊಠಡಿ ಕೊಡಿಸಿದ್ದೆ. ಮಾರನೆಯ ವಾರವೇ ನಮ್ಮವರೇ, ಎಂದರೆ ನಮ್ಮ ಗೌಡರ ಮನೆಗಳ ಹುಡುಗರು, ಹತ್ತು ಜನ ದಂಡು ಕಟ್ಟಿಕೊಂಡು ಬಂದರು. “ಮೇಡಮ್ನೋರೆ, ನಮ್ಗೂ ಒಂದ್ ಸಂಗ ಕೊಡಿ. ಅವ್ರಿಗ್ ಮಾತ್ರ ಯಾಕೆ?” ಎಂದರು. ನನಗೆ ಕೋಪ ನೆತ್ತಿಗೇರಿತು. “ಕ್ಯಾಂಟೀನ್ ಯಾರ್ದಪ್ಪ? ಮೈದಾನ ಯಾರ್ದು? ಗೇಟಿನ ಕಟ್ಟೆ ಮೇಲೆ ಕೂತು ಹೋಗೋ ಬರೋರ್ನೆಲ್ಲ ರೇಗಿಸೋರು ಯಾರು? ಇಡೀ ಕಾಲೇಜೇ ನಿಮ್ಮ ಸಂಘ ಕಣ್ರಪ್ಪಾ, ಇನ್ನೊಂದು ಯಾಕೆ?” ಎಂದೆ. ಅವರಲ್ಲಿ ಒಬ್ಬ, “ನೀವು ನಮ್ಮೋರಾಗಿ ಇಂಗಂತೀರಲ್ಲ” ಎಂದು ಮುಖ ಊದಿಸಿಕೊಂಡು ಹೋದ. ಅವನ ಅಪ್ಪ ನನ್ನ ದೂರದ ಸಂಬಂಧಿ. ಆಮೇಲೆ ಎರಡು ವರ್ಷ ಅವರ ಮನೆಯಿಂದ ನನಗೆ ಮದುವೆ ಕಾಗದ ಬರಲಿಲ್ಲ. ಈ ಕೆಲಸಕ್ಕೆ ಸೇರುವವರು ಇದಕ್ಕೂ ತಯಾರಿರಬೇಕು.

ಇನ್ನು ಮಳವಳ್ಳಿ. ನನ್ನ ಕೊನೆಯ ವರ್ಷಗಳು ಕಳೆದದ್ದು ಅಲ್ಲಿ. ಅಲ್ಲಿ ಮುಸ್ಲಿಂ ಹುಡುಗಿಯರ ಒಂದು ಕೂಟವಿತ್ತು. ಆಪಾ ಕೂಟ ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಆಪಾ ಎಂದರೆ ಅಕ್ಕ. ಅದನ್ನು ಯಾವ ಅಧಿಕಾರಿಯೂ ಹುಟ್ಟುಹಾಕಿದ್ದಲ್ಲ, ಹುಡುಗಿಯರೇ ಮಾಡಿಕೊಂಡ ಏರ್ಪಾಡು. ಕಾಲೇಜಿಗೆ ಸೇರಿ ಒಂದು ವರ್ಷ ಮುಗಿಸಿದ ಹುಡುಗಿ ಹೊಸದಾಗಿ ಸೇರುವವಳ ಮನೆಗೆ ತಾನೇ ಹೋಗಬೇಕು. ಅವಳ ತಂದೆತಾಯಿಯ ಮುಂದೆ ಕೂತು, “ನಾನೇ ಕರ್ಕೊಂಡೋಗಿ ನಾನೇ ಕರ್ಕೊಂಡ್ಬತ್ತೀನಿ” ಎಂದು ಮಾತು ಕೊಡಬೇಕು. ಆ ಮಾತು ಕೊಟ್ಟವಳು ಆಪಾ, ಆ ಮಾತಿನ ಮೇಲೆ ಬಂದವಳು ತಂಗಿ. ಆಪಾಳ ಡಿಗ್ರಿ ಮುಗಿಯುವವರೆಗೆ ಆ ಜವಾಬ್ದಾರಿ ತಪ್ಪುವಂತಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಗೇ ನಿಲ್ಲಿಸುತ್ತಿದ್ದ ಎಷ್ಟೋ ಮನೆಗಳಿಂದ ಈ ಒಂದು ಮಾತಿನ ಮೇಲೆ ಹುಡುಗಿಯರು ಡಿಗ್ರಿಗೆ ಬರುತ್ತಿದ್ದರು.

ಆ ವರ್ಷ ಪೂರಿಗಾಲಿ ರಸ್ತೆಯ ಆಪಾ ಎಂದರೆ ಶಾಹೀನಾ. ಎರಡನೆಯ ವರ್ಷದ ಬಿ.ಎ. ಅವಳ ತಂದೆ ನಿಸಾರ್ ಸಾಬರಿಗೆ ಪೂರಿಗಾಲಿ ಬಸ್ ನಿಲ್ದಾಣದ ಎದುರು ಪಂಪಿನ ಮೋಟಾರು ರಿಪೇರಿಯ ಅಂಗಡಿ. ಸುತ್ತಲಿನ ಹತ್ತು ಹಳ್ಳಿಯ ಗದ್ದೆಗೆ ನೀರು ಹಾಯಬೇಕಾದರೆ ಅವರ ಕೈ ಬೇಕು. ಶಾಹೀನಾ ಬೆಳಿಗ್ಗೆ ಅಲ್ಲಿ ಬಸ್ಸು ಹತ್ತಿ, ಹಿಂದಿನ ಎರಡು ಸೀಟಿಗೆ ದುಪಟ್ಟಾ ಹಾಸಿ ಕೂರುವಳು. ದಾರಿಯುದ್ದಕ್ಕೂ ಐದು ತಂಗಿಯರು ಹತ್ತುವರು. ಮಾತು ಕಡಿಮೆ, ಹುಬ್ಬು ಗಂಟಿಕ್ಕಿಕೊಂಡೇ ಇರುವಳು. ಕಂಡಕ್ಟರನಿಗೇ ಅವಳ ಮೇಲೆ ಭಯ.

ಆಗ ಹೊರಗೆ ಕಾಲ ಕೆಟ್ಟಿತ್ತು. ಹೆಣ್ಣುಮಕ್ಕಳು ತಲೆಗೆ ಏನು ಹಾಕಿಕೊಂಡರು ಎಂಬುದೇ ಟಿವಿಯಲ್ಲಿ ಮೂರು ಹೊತ್ತಿನ ಊಟ. ಅದರ ನಡುವೆ ನಾನು ಎಲ್ಲ ಸಂಘದ ಹುಡುಗಿಯರನ್ನೂ ಸೇರಿಸಿ ಕಾವೇರಿ ದಡದ ಮುತ್ತತ್ತಿಗೆ ಒಂದು ದಿನದ ಪ್ರವಾಸ ಇಟ್ಟೆ. ಹಿಂದಿನ ದಿನ ಯಾರೋ ಪ್ರಾಂಶುಪಾಲರಿಗೆ ಫೋನು ಮಾಡಿ, “ಆಂಜನೇಯನ ಜಾಗಕ್ಕೆ ಅವ್ರೆಲ್ಲ ಯಾಕೆ?” ಎಂದರಂತೆ. ಮಳವಳ್ಳಿಯ ಈ ಪ್ರಾಂಶುಪಾಲರು ಹೆದರುವವರಲ್ಲ, ಸುಸ್ತಾದವರು. “ಬೇಡ ಬಿಡಿ ಮೇಡಮ್, ಯಾಕೆ ರಿಸ್ಕು” ಎಂದು ಹೊರಡುವ ಬೆಳಿಗ್ಗೆ ಪ್ರವಾಸವನ್ನೇ ರದ್ದು ಮಾಡಿದರು. “ಕಾವೇರಿ ನೋಡೋಕೂ ಈಗ ಯಾರದಾದ್ರೂ ಅಪ್ಪಣೆ ಬೇಕಾ ಸಾರ್?” ಎಂದು ಕೂಗಾಡಿದೆ. ನಲವತ್ತು ಜನಕ್ಕೆ ಕಲಸಿದ್ದ ಚಿತ್ರಾನ್ನವನ್ನು ಕಾಲೇಜಿನ ವರಾಂಡದಲ್ಲೇ ಕೂತು ತಿಂದೆವು. ಅಲ್ಲಿಗೆ ಮುಗಿಯಲಿಲ್ಲ. ಆಪಾ ಕೂಟಕ್ಕೆ ಹೊರಗಿನವರು ಬರುತ್ತಾರೆ, ಏನೇನೋ ಸಭೆ ಮಾಡುತ್ತಾರೆ ಎಂಬ ಪುಕಾರು ಊರಿನಲ್ಲಿ ಎದ್ದಿತು.

ಅಷ್ಟರಲ್ಲಿ ಸಂಸ್ಥೆಯಿಂದ ಒಂದು ಸುತ್ತೋಲೆ ಬಂತು. ಪ್ರತಿಯೊಂದು ಸಂಘದಲ್ಲೂ ಎಷ್ಟು ಜನರಿದ್ದಾರೆ ತಿಳಿಸಿ ಎಂದು. ಎಷ್ಟು ಜನ, ಅಷ್ಟೇ ಕೇಳಿದ್ದು. ಆಪಾ ಕೂಟಕ್ಕೆ ಹದಿನಾರು ಎಂದು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಆ ಪುಕಾರಿನ ಸಿಟ್ಟು. ಒಬ್ಬಳೂ ಹೊರಗಿನವಳಲ್ಲ, ಎಲ್ಲರೂ ನಮ್ಮ ಮಕ್ಕಳೇ ಎಂದು ಊರಿನ ಮೂತಿಗೆ ಹಿಡಿದು ತೋರಿಸಬೇಕೆಂಬ ಹಟ. ದಾಖಲಾತಿ ಪುಸ್ತಕ ತೆಗೆದು ಕೂತೆ. ಹುಡುಗಿಯ ಹೆಸರು, ತಂದೆಯ ಹೆಸರು, ಊರು, ತರಗತಿ, ಫೋನ್ ನಂಬರು. ನನ್ನ ಅಕ್ಷರ ಮುತ್ತಿನಂತಿದೆ ಎಂದು ನನಗೆ ಮೊದಲಿನಿಂದಲೂ ಜಂಬ. ಸ್ಕೇಲು ಹಿಡಿದು ಗೆರೆ ಎಳೆದೆ. ಶಾಹೀನಾ ಮುಂದಾಳು ಎಂದು ಅವಳ ಹೆಸರನ್ನು ಮೊದಲು ಬರೆದೆ, ಕೆಂಪು ಇಂಕಿನಲ್ಲಿ. ಒಂದು ಪ್ರತಿ ಸಂಸ್ಥೆಗೆ ಕಳಿಸಿ, ಇನ್ನೊಂದನ್ನು ನೋಟಿಸ್ ಬೋರ್ಡಿಗೆ ಹಾಕಲು ಅಟೆಂಡರ್ ಬೋರಮ್ಮನ ಕೈಗೆ ಕೊಟ್ಟೆ.

ಬೋರಮ್ಮನಿಗೆ ಓದಲು ಅಷ್ಟಾಗಿ ಬರದು, ಆದರೆ ಅಂಕಿ ಗೊತ್ತು. ಕಾಗದ ನೋಡಿ, “ಮೇಡಮ್ಮೋರೆ, ಎಣ್ ಮಕ್ಳ ಮನೆ ಪೋನ್ ನಂಬ್ರುನಾ ಗ್ವಾಡೆ ಮ್ಯಾಲ್ ಅಂಟುಸ್ತಾರಾ?” ಎಂದಳು.

“ಮುಚ್ಚಿಡೋಕೆ ನಾವೇನು ಕಳ್ಳರಾ ಬೋರಮ್ಮ? ಅಂಟಿಸು” ಎಂದೆ.

“ಅಂಟುಸ್ತೀನಿ ಬುಡಿ, ನಂಗೇನು” ಎಂದು ಹೋದಳು. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇಲ್ಲದ ಬುದ್ಧಿ ಅವಳಿಗಿತ್ತು.

ಹಿಂದೆಲ್ಲ ನೋಟಿಸ್ ಬೋರ್ಡು ಎಂದರೆ ಕಾಲೇಜಿನ ಗೋಡೆ, ಗೋಡೆಯ ಮುಂದೆ ನಿಂತವರಿಗೆ ಮಾತ್ರ ಕಾಣುವಂಥದ್ದು. ಕಾಲ ಬದಲಾದದ್ದು ನನ್ನ ತಲೆಗೆ ಹೋಗಿರಲಿಲ್ಲ. ಯಾರೋ ಅದರ ಫೋಟೋ ತೆಗೆದರು. ಸಂಜೆಯೊಳಗೆ ಅದು ಮಳವಳ್ಳಿಯ ವಾಟ್ಸಾಪಿನಲ್ಲೆಲ್ಲ ಓಡಾಡಿತು, ಕೆಳಗೆ ‘ಇವರ ಮೇಲೆ ಕಣ್ಣಿಡಿ’ ಎಂಬ ಒಂದು ಸಾಲು ಸೇರಿಸಿಕೊಂಡು. ಮಾರನೆಯ ದಿನದಿಂದ ಆ ಹದಿನಾರು ಮನೆಗಳಿಗೆ ಫೋನುಗಳು ಶುರುವಾದವು. ಯಾರೆಂದು ಹೇಳುವುದಿಲ್ಲ. ಮಗಳು ಎಷ್ಟು ಗಂಟೆಗೆ ಮನೆ ಬಿಡುತ್ತಾಳೆ, ಯಾವ ಬಸ್ಸು ಎಂದು ಕೇಳಿ ಇಟ್ಟುಬಿಡುವುದು. ಪೇಟೆಯ ಹುಡುಗಿಯರು ಹೇಗೋ ಬಂದರು. ಶಾಹೀನಾ ಬರಲಿಲ್ಲ. ಆಪಾ ಬಸ್ಸು ಹತ್ತದಿದ್ದರೆ ತಂಗಿಯರ ಮನೆಯಲ್ಲಿ ಕೊಟ್ಟ ಮಾತಿಗೆ ಬೆಲೆಯಿಲ್ಲ. ಐದೂ ಹುಡುಗಿಯರು ಮನೆಯಲ್ಲೇ ನಿಂತರು.

ಪ್ರಾಂಶುಪಾಲರು ಕರೆಸಿ, “ಸುತ್ತೋಲೆಯಲ್ಲಿ ಫೋನ್ ನಂಬರ್ ಕೇಳಿದ್ರಾ ಮೇಡಮ್?” ಎಂದರು. ಇಲ್ಲ ಎಂದೆ. “ಮತ್ತೆ?” ಎಂದರು. ಅಷ್ಟು ವರ್ಷಗಳಲ್ಲಿ ನನ್ನ ಮೇಲಿನವರೊಬ್ಬರು ನ್ಯಾಯವಾದ ಪ್ರಶ್ನೆ ಕೇಳಿದ್ದು ಅದೊಂದೇ ಸಲ. ನಾನೇ ಹೋಗಿ ಪಟ್ಟಿ ಕಿತ್ತೆ. ಕಿತ್ತು ಏನು ಬಂತು?

ಆವತ್ತೇ ಪೂರಿಗಾಲಿಗೆ ಹೋದೆ. ನಿಸಾರ್ ಸಾಬರು ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಎದ್ದು ಸ್ಟೂಲು ಒರೆಸಿ, “ಕುಂತ್ಕಳಿ ಮೇಡಮ್” ಎಂದರು. ಟೀ ತರಿಸಿದರು. ನಾನು ತಪ್ಪಾಯಿತು ಎಂದೆ. ಪೊಲೀಸರಿಗೆ ದೂರು ಕೊಡೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ.

“ದೂರು ಕೊಟ್ರೆ ಇನ್ನೊಂದ್ ಕಡೆ ಹೆಸ್ರು ಬರೀಬೇಕು ಮೇಡಮ್. ಈಗ ಬರ್ದಿರೋದೇ ಸಾಕಾಗದೆ” ಎಂದರು.

“ನಾನು ಒಳ್ಳೇದಕ್ಕೇ ಅಂತ ಮಾಡಿದೆ ಸಾಬರೇ.”

“ನೀವು ಒಳ್ಳೇವ್ರು ಅಂತ ನಂಗ್ ಗೊತ್ತು. ಅದ್ಕೇ ಭಯ. ಒಳ್ಳೇವ್ರೇ ಇಂಗ್ ಮಾಡುದ್ರೆ ಕೆಟ್ಟವ್ರು ಇನ್ನೇನ್ ಮಾಡ್ಬೋದು? ಅವಳ ಹೆಸ್ರು ಮೊದಲ್ನೇದು. ಕೆಂಪ್ ಇಂಕಲ್ಲಿ. ಅವಳಮ್ಮ ಪೋನ್ ಬಂದ್ರೆ ಮೂಲೆಗ್ ಓಗಿ ಕುಂತ್ಕತಾಳೆ. ನಾನ್ ಕಳ್ಸಕಿಲ್ಲ.”

ಗದರಿದ್ದರೆ ನಾನೂ ಗದರುತ್ತಿದ್ದೆ. ನನಗೆ ಅದು ಸಲೀಸು. ಅವರು ಮೆತ್ತಗೆ ಹೇಳಿದರು. ಒಳಬಾಗಿಲಲ್ಲಿ ಶಾಹೀನಾ ನಿಂತಿದ್ದಳು. ನನ್ನ ಮುಖ ನೋಡದೆ, “ನನ್ ವಿಷ್ಯ ಬುಡಿ ಮೇಡಮ್. ತಂಗೀರ್ದು ಏನ್ ಮಾಡ್ತೀರಿ?” ಎಂದಳು.

ಏನು ಮಾಡುವುದು? ಆ ಐದು ಮನೆಗೂ ಅಲೆದೆ. ಐದು ಮನೆಯಲ್ಲೂ ಒಂದೇ ಮಾತು: ಕರೆದುಕೊಂಡು ಹೋಗುವವರು ಯಾರು? ಕೊನೆಗೆ ನಾನೇ ಅನ್ನಬೇಕಾಯಿತು, ನಾನು ಕರೆದುಕೊಂಡು ಹೋಗಿ ನಾನೇ ಕರೆದುಕೊಂಡು ಬರುತ್ತೇನೆ ಎಂದು. ಐವತ್ತೆಂಟರ ಹತ್ತಿರದ ಮಂಡಿನೋವಿನ ಹೆಂಗಸು, ಬೆಳಿಗ್ಗೆ ಮಳವಳ್ಳಿಯಿಂದ ಪೂರಿಗಾಲಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು, ಸಂಜೆ ಮತ್ತೆ ಅದೇ ದಾರಿ. ಸಹೋದ್ಯೋಗಿಗಳು ನಕ್ಕರು. ಕಂಡಕ್ಟರ್ ನನ್ನನ್ನೂ ಆಪಾ ಎಂದು ಕರೆದು ರೇಗಿಸತೊಡಗಿದ. ನನಗೆ ಯಾವ ತ್ಯಾಗದ ಭಾವನೆಯೂ ಬರಲಿಲ್ಲ, ಬರೀ ಸೊಂಟ ನೋವು ಬಂತು. ಮಾಡಿದ್ದುಣ್ಣೋ ಮಹರಾಯ ಎಂದು ದಿನಾ ಬೈದುಕೊಂಡೇ ಬಸ್ಸು ಹತ್ತುತ್ತಿದ್ದೆ.

ಪ್ರತಿದಿನ ಬೆಳಿಗ್ಗೆ ಬಸ್ಸು ತಿರುಗುವ ಹೊತ್ತಿಗೆ ಶಾಹೀನಾ ಅಂಗಡಿಯಿಂದ ಕಿಟಕಿಯ ಹತ್ತಿರ ಬರುವಳು. “ರುಖಿಯಾಗೆ ವಾಂತಿ ಆಯ್ತದೆ, ಮುಂದ್ಗಡೆ ಸೀಟ್ ಕೊಡ್ಸಿ” ಎನ್ನುವಳು. “ಇವತ್ತು ನಮ್ ಕ್ಲಾಸಲ್ಲಿ ಇತಿಹಾಸದ್ ನೋಟ್ಸ್ ಕೊಡ್ತಾರೆ, ಯಾರ್ಗಾದ್ರೂ ನಂಗೊಂದ್ ಬರ್ಕೊಡಕ್ ಏಳಿ” ಎನ್ನುವಳು. ಬಸ್ಸು ಹೊರಟಾಗ ಒಂದು ದಿನವೂ ಕೈ ಬೀಸಲಿಲ್ಲ. ಆ ಐದು ನಿಮಿಷಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಮೇಲಧಿಕಾರಿಯೂ ನನಗೆ ಕೊಡಲಿಲ್ಲ.

ಹಾಜರಾತಿ ಕಡಿಮೆಯಾಗಿ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದಾಯಿತು. ಪ್ರಾಂಶುಪಾಲರು, “ಕಾಯಿಲೆ ಅಂತ ಡಾಕ್ಟರ್ ಕಾಗದ ತಂದರೆ ನೋಡೋಣ” ಎಂದರು. ಅದನ್ನು ನಿಸಾರ್ ಸಾಬರಿಗೆ ಹೇಳಲು ಹೋದರೆ, “ಉಸಾರಾಗಿರೋ ಮಗೀಗೆ ಕಾಯ್ಲೆ ಅಂತ ನಾನ್ ಬರ್ಸಕಿಲ್ಲ” ಎಂದುಬಿಟ್ಟರು. ಐದು ತಂಗಿಯರು ಪರೀಕ್ಷೆ ಬರೆದು ಎರಡನೆಯ ವರ್ಷಕ್ಕೆ ಬಂದರು. ಆಪಾ ಮನೆಯಲ್ಲೇ ಉಳಿದಳು.

ಅವಳನ್ನು ಮತ್ತೆ ಕರೆತಂದದ್ದು ನಾನಲ್ಲ. ರಜೆಯಲ್ಲಿ ಆ ಐದು ಹುಡುಗಿಯರು, ನನಗೆ ಒಂದು ಮಾತೂ ಹೇಳದೆ, ತಾವೇ ನಿಸಾರ್ ಸಾಬರ ಅಂಗಡಿಗೆ ಹೋಗಿ ಸಾಲಾಗಿ ಕೂತರಂತೆ. “ಚಾಚಾ, ಆಪಾನ ನಾವ್ ಕರ್ಕೊಂಡೋಗಿ ನಾವೇ ಕರ್ಕೊಂಡ್ಬತ್ತೀವಿ” ಎಂದರಂತೆ. ತಂಗಿಯರು ಆಪಾಗಾಗಿ ಮಾತು ಕೊಟ್ಟದ್ದು ಆ ಕೂಟದಲ್ಲಿ ಅದೇ ಮೊದಲು. ಸಾಬರು ಅವತ್ತು ಮೋಟಾರಿಗೆ ತಂತಿ ಸುತ್ತುತ್ತಲೇ ಇದ್ದರಂತೆ. ಹುಡುಗಿಯರು ನಾಲ್ಕು ದಿನ ಹೋಗಿ ಕೂತರು. ಐದನೆಯ ದಿನ, “ಅಂಗ್ಡೀಲಿ ಕೆಲ್ಸ ಮಾಡಕ್ ಬುಡ್ರಮ್ಮಾ, ಕರ್ಕೊಂಡೋಗಿ” ಎಂದರಂತೆ. ಇಡೀ ವರ್ಷ ಬಸ್ಸು ಹತ್ತಿಳಿದ ನನ್ನಿಂದ ಆಗದ್ದು ಅದು. ಸಂತೋಷವಾಯಿತು ಎಂದು ಬರೆದರೆ ಅರ್ಧ ಸುಳ್ಳು; ನನ್ನನ್ನು ಕೇಳಲೇ ಇಲ್ಲವಲ್ಲ ಎಂದು ಸ್ವಲ್ಪ ಉರಿದೂ ಹೋಯಿತು.

ಮರುದಾಖಲಾತಿಯ ದಿನ ಫಾರಂ ತೆಗೆದುಕೊಳ್ಳುವ ಮೇಜಿನಲ್ಲಿ ನಾನೇ ಕೂತಿದ್ದೆ. ನಿವೃತ್ತಿಗೆ ಎರಡು ತಿಂಗಳಿತ್ತು. ಶಾಹೀನಾ ಫಾರಂ ತಂದು ಮುಂದಿಟ್ಟಳು. ಅದರಲ್ಲಿ ಒಂದು ಕಲಂ ಇರುತ್ತದೆ, ಓದು ನಿಂತದ್ದಕ್ಕೆ ಕಾರಣವೇನು ಎಂದು. ಅವಳು ‘ಮನೆ ಕಷ್ಟ’ ಎಂದು ಬರೆದಿದ್ದಳು. ನನ್ನನ್ನು ಕಾಪಾಡಲು ಬರೆದಿದ್ದಾಳೆ ಎಂದುಕೊಂಡೆ. ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ‘ಕಾಲೇಜಿನ ತಪ್ಪಿನಿಂದ’ ಎಂದು ಬರೆದು, ಪೂರ್ತಿ ಹೆಸರಿನೊಂದಿಗೆ ಸಹಿ ಹಾಕಿದೆ. ಕೊನೆಗೂ ಒಂದು ಸರಿಯಾದ ಕೆಲಸ ಮಾಡಿದೆ ಎಂದು ಎದೆಯುಬ್ಬಿಸಿ ಅವಳ ಮುಖ ನೋಡಿದೆ.

ಅವಳ ಹುಬ್ಬು ಗಂಟಿಕ್ಕಿತು. “ಇದ್ನ ಒಳಗ್ ಕಳುಸುದ್ರೆ ಸೀಟ್ ಕೊಡ್ತಾರಾ ಮೇಡಮ್?”

ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವಿಚಾರಣೆ ಎನ್ನುತ್ತಾರೆ, ಸಂಸ್ಥೆಗೆ ಬರೆಯುತ್ತಾರೆ, ಅಷ್ಟರಲ್ಲಿ ದಾಖಲಾತಿ ಮುಗಿದಿರುತ್ತದೆ.

“ನಿಮ್ ಸಮಾದಾನಕ್ಕೆ ನನ್ ಇನ್ನೊಂದ್ ವರ್ಸ ಬೇಕಾ?” ಎಂದಳು. ದನಿ ಏರಿಸಲಿಲ್ಲ. “ಬೇರೆ ಫಾರಂ ಕೊಡಿ.”

ಕೊಟ್ಟೆ. ಅವಳು ನಿಂತಲ್ಲೇ ಮತ್ತೆ ಎಲ್ಲವನ್ನೂ ತುಂಬಿದಳು. ಕಾರಣದ ಜಾಗದಲ್ಲಿ ಮತ್ತೆ ‘ಮನೆ ಕಷ್ಟ’ ಎಂದು ಬರೆದಳು. ನಾನು ಸಹಿ ಹಾಕಿದೆ. ಅವಳು ಫಾರಂ ಎತ್ತಿಕೊಂಡು ಒಳಗೆ ಹೋದಳು, ಹೊರಗೆ ಕಾಯುತ್ತಿದ್ದ ಐದು ತಂಗಿಯರು ಅವಳ ಹಿಂದೆ ಹೋದರು.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟೇ. ಎಷ್ಟು ಕೇಳುತ್ತಾರೋ ಅಷ್ಟೇ ಕೊಡಿ, ಸಾಧ್ಯವಾದರೆ ಅದಕ್ಕಿಂತ ಕಡಿಮೆ ಕೊಡಿ. ಆ ಮಕ್ಕಳ ಹೆಸರು ಹಿಡಿದು ನಿಮ್ಮ ನ್ಯಾಯವನ್ನು ಸಾಬೀತು ಮಾಡಲು ಹೋಗಬೇಡಿ, ನಿಮ್ಮ ಪಶ್ಚಾತ್ತಾಪವನ್ನೂ. ಅವಳು ಡಿಗ್ರಿ ಮುಗಿಸಿದಳು. ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತು, ನಿಮಗೆ ಬೇಡ. ಇಷ್ಟು ಹೊತ್ತು ಅವಳನ್ನು ಶಾಹೀನಾ ಎಂದೆ. ಅದು ಅವಳ ಹೆಸರಲ್ಲ.